ಮನೆಯನ್ನು ಕೊನೆಗೆ ನೋಡಿ

ನಮಸ್ಕಾರ. ಬೆಂಗಳೂರಿನಲ್ಲಿ ಮನೆ ಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ, ಒಂದು ಭಾನುವಾರ ಸಂಸಾರಸಮೇತರಾಗಿ ಹೋಗಿ ಫ್ಲ್ಯಾಟ್ ನೋಡಿ ಬರುವುದು. ಅದು ಕೊನೆಗೆ ಮಾಡಬೇಕಾದ ಕೆಲಸ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮನೆಯೊಂದು ಮನಸ್ಸಿಗೆ ಹಿಡಿಸಿತೆಂದರೆ ಆಮೇಲೆ ಅದರ ಕಾಗದಪತ್ರಗಳನ್ನು ಓದುವ ಕಣ್ಣು ಮಂಜಾಗುತ್ತದೆ.

ಇದು ನನಗೇ ಆದ ಅನುಭವ. ಕೆಲವು ವರ್ಷಗಳ ಹಿಂದೆ ನಾವು ನೋಡಿದ ಫ್ಲ್ಯಾಟಿನಲ್ಲಿ ಪೂರ್ವಕ್ಕೆ ತೆರೆದ ಬಾಲ್ಕನಿ ಇತ್ತು. ತುಳಸಿ ಕುಂಡ ಎಲ್ಲಿಡಬೇಕೆಂದು ಮನೆಯವರು ಅಲ್ಲೇ ತೀರ್ಮಾನಿಸಿದರು, ಮಗಳು ತನ್ನ ಓದುವ ಮೇಜು ಹಿಡಿಸುತ್ತದೆಯೇ ಎಂದು ಗೋಡೆಯನ್ನು ಗೇಣುಹಾಕಿ ಅಳೆದಳು. ನಾನು ಅಲ್ಲಿಯೇ ಒಂದು ಲಕ್ಷ ರೂಪಾಯಿಯ ಮುಂಗಡದ ಚೆಕ್ ಬರೆದುಕೊಟ್ಟೆ. ಋಣಭಾರ ಪ್ರಮಾಣಪತ್ರ, ಅಂದರೆ ನಾವೆಲ್ಲ ಇಸಿ ಎನ್ನುವ ಕಾಗದ, ಕೈಗೆ ಬಂದದ್ದು ಎರಡು ವಾರಗಳ ನಂತರ. ಅದರ ನಾಲ್ಕನೆಯ ಸಾಲಿನಲ್ಲಿ ಆ ಜಮೀನನ್ನು ಸಾಲಕ್ಕೆ ಅಡಮಾನ ಮಾಡಿದ ದಾಖಲೆಯಿತ್ತು. ಸಾಲ ತೀರಿತೆಂದು ಹೇಳುವ ಸಾಲು ಎಲ್ಲಿಯೂ ಇರಲಿಲ್ಲ. ಮುಂಗಡದ ಹಣ ವಾಪಸು ಬರಲು ಏಳು ತಿಂಗಳು ಬೇಕಾಯಿತು. ಅದೇ ಕಾಗದವನ್ನು ಮೊದಲೇ ತರಿಸಿದ್ದರೆ ಮಗಳು ಆ ಗೋಡೆಯನ್ನು ಅಳೆಯುತ್ತಲೇ ಇರಲಿಲ್ಲ.

ಹಾಗಾದರೆ ಹುಡುಕಾಟ ಎಲ್ಲಿಂದ ಶುರುವಾಗಬೇಕು? ಮನೆಯ ಲೆಕ್ಕದ ಪುಸ್ತಕದಿಂದ. ಎಂಬತ್ತು ಲಕ್ಷದ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ 64 ಲಕ್ಷ ಸಾಲ, 16 ಲಕ್ಷ ನಿಮ್ಮ ಕೈಯಿಂದ. ಇಷ್ಟಕ್ಕೇ ಲೆಕ್ಕ ಮುಗಿಸಿದವರು ಮುಂದೆ ಕಷ್ಟಕ್ಕೆ ಸಿಕ್ಕುತ್ತಾರೆ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿರುವ ನೋಂದಣಿ ಶುಲ್ಕ, ಇವೆಲ್ಲ ಸೇರಿ ಆರು ಲಕ್ಷ ದಾಟುತ್ತದೆ. ಈ ಖರ್ಚನ್ನು ಬೆಲೆಯೊಳಗೆ ಸೇರಿಸಿ ಬ್ಯಾಂಕು ಸಾಲ ಕೊಡುವುದಿಲ್ಲ. ಕಟ್ಟಡ ಇನ್ನೂ ಏಳುತ್ತಿದ್ದರೆ ಶೇ. 5ರ ಜಿಎಸ್‌ಟಿ, ಅಂದರೆ ಇನ್ನೂ ನಾಲ್ಕು ಲಕ್ಷ. ಹದಿನಾರು ಎಂದುಕೊಂಡದ್ದು ಇಪ್ಪತ್ತಾರಾಯಿತು. ಈ ಮೊತ್ತ ಕೈಯಲ್ಲಿದೆಯೇ ಎಂದು ನೋಡಿಕೊಂಡು, ಬ್ಯಾಂಕಿಗೆ ಹೋಗಿ ತಮಗೆಷ್ಟು ಸಾಲ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಬ್ರೋಕರಿಗೆ ಫೋನು ಮಾಡಬೇಕು.

ಎರಡನೆಯದು ಕಾಗದ. ಇದರಲ್ಲಿ ಬಹುಪಾಲನ್ನು ಈಗ ಮನೆಯಲ್ಲಿ ಕುಳಿತೇ ನೋಡಬಹುದು ಎಂಬುದು ನಿಜಕ್ಕೂ ನೆಮ್ಮದಿಯ ಸಂಗತಿ. ಹೊಸ ಯೋಜನೆಯಾದರೆ ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರವಾದ ಕರ್ನಾಟಕ ರೇರಾದ ಜಾಲತಾಣದಲ್ಲಿ ಅದರ ನೋಂದಣಿ ಸಂಖ್ಯೆ, ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ ಸಿಗುತ್ತವೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿಗೆ ಅರ್ಜಿ ಹಾಕಬಹುದು. ಹಳೆಯ ವರ್ಷಗಳ ವಿವರಕ್ಕೆ ಮಾತ್ರ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕಾದೀತು. ಬೆಂಗಳೂರಿನ ಪಾಲಿಕೆಗಳ ವ್ಯಾಪ್ತಿಯಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ಪಾಲಿಕೆಯ ಡಿಜಿಟಲ್ ದಾಖಲೆ, ಇಲ್ಲದೆ ನೋಂದಣಿಯೇ ಆಗುವುದಿಲ್ಲವಾದ್ದರಿಂದ, ಅದನ್ನು ಮೊದಲ ಮಾತಿನಲ್ಲೇ ಕೇಳಿ. ಕಟ್ಟಿ ಮುಗಿದ ಕಟ್ಟಡವಾದರೆ ಓಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಆಡಳಿತ ಕೊಡುವ ಪ್ರಮಾಣಪತ್ರ, ತೋರಿಸಲು ಹೇಳಿ. "ಓಸಿ ಬರುತ್ತೆ ಸಾರ್, ಅಪ್ಲೈ ಮಾಡಿದೀವಿ" ಎಂಬ ಉತ್ತರ ಬಂದರೆ, ಓಸಿ ಇಲ್ಲ ಎಂದೇ ತಿಳಿಯಿರಿ. ನಮ್ಮಲ್ಲಿ ಅನೇಕರು ಅದನ್ನು ಇದೆ ಎಂದು ತಿಳಿದುಕೊಂಡು ಬರುತ್ತಾರೆ.

ಅಳತೆಯ ವಿಷಯದಲ್ಲಿಯೂ ಒಂದು ಮಾತು. 1,500 ಚದರ ಅಡಿ ಎಂದು ಹೇಳುವಾಗ ಅದು ಮೆಟ್ಟಿಲು, ಲಿಫ್ಟ್, ಓಣಿಗಳ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌-ಅಪ್ ಲೆಕ್ಕವೇ ಎಂದು ಕೇಳಿ. ಮನೆಯ ಗೋಡೆಗಳೊಳಗೆ ಬಳಸಲು ಸಿಗುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, ಸಾವಿರದ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ರೇರಾ ಕಾಯ್ದೆ ಮಾನ್ಯ ಮಾಡುವುದು ಕಾರ್ಪೆಟ್ ಏರಿಯಾವನ್ನು. ಅದೇ ಕಾಯ್ದೆಯ 13ನೆಯ ಕಲಮಿನ ಪ್ರಕಾರ, ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬಿಲ್ಡರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಪಡೆಯುವಂತಿಲ್ಲ. ಇದನ್ನು ವಿನಯದಿಂದಲೇ ನೆನಪಿಸಿ, ಆದರೆ ನೆನಪಿಸಿ.

ಇನ್ನು ನೆಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಏರಿ ಹೊರಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಕೆರೆಯಿಂದ ಕೆರೆಗೆ ಹರಿಯಬೇಕಾದ ನೀರಿಗೆ ದಾರಿ ಉಳಿದಿರಲಿಲ್ಲ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆ ನಂಬರ್ ಹಿಡಿದು ಗ್ರಾಮ ನಕಾಶೆಯಲ್ಲಿ ಕೆರೆ, ರಾಜಕಾಲುವೆ ಎಷ್ಟು ಹತ್ತಿರದಲ್ಲಿವೆ ಎಂದು ನೋಡಬಹುದು.

ಇಷ್ಟೂ ಆದ ಮೇಲೆ, ಹತ್ತು ಮನೆಗಳ ಪಟ್ಟಿಯಲ್ಲಿ ಎರಡೋ ಮೂರೋ ಉಳಿದಿರುತ್ತವೆ. ಮೂಲಪತ್ರಗಳನ್ನು ವಕೀಲರ ಕೈಗೆ ಕೊಟ್ಟು, ಆಗ ಮನೆ ನೋಡಲು ಹೋಗಿ. ಭಾನುವಾರ ಬೆಳಿಗ್ಗೆ ಬೇಡ, ವಾರದ ನಡುವೆ ಆಫೀಸು ಬಿಡುವ ಹೊತ್ತಿಗೆ ಹೋಗಿ. ಸಾಧ್ಯವಾದರೆ ಜೋರಾಗಿ ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ. ಬಾಗಿಲಲ್ಲಿ ಕುಳಿತ ಕಾವಲುಗಾರರನ್ನು ಮಾತನಾಡಿಸಿ, ಮಾರ್ಚ್ ತಿಂಗಳಿನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಬರುತ್ತದೆ ಎಂದು ಕೇಳಿ. ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಲ್ಕನಿ ತೋರಿಸಿ.