ಒಂದನೇ ತರಗತಿಯಲ್ಲಿ ಮೂಡುವ ಹಲ್ಲು

ಪ್ರಿಯ ಶ್ರೋತೃಗಳೇ, ನಮಸ್ಕಾರ.

ಮಗು ಒಂದನೇ ತರಗತಿಗೆ ಸೇರುವ ವಯಸ್ಸಿನಲ್ಲಿ, ಅಂದರೆ ಸುಮಾರು 6ನೇ ವರ್ಷಕ್ಕೆ, ಹಾಲುಹಲ್ಲುಗಳ ಸಾಲಿನ ಹಿಂದೆ ಹೊಸದೊಂದು ದವಡೆಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕು ಹಿಡಿದರೂ ‘ಬಿದ್ದು ಬೇರೆ ಬರುತ್ತದೆ ಬಿಡಿ’ ಎಂದು ಸುಮ್ಮನಾಗುತ್ತಾರೆ. ಅದು ಶಾಶ್ವತ ಹಲ್ಲು. ಒಮ್ಮೆ ಹೋದರೆ ಮತ್ತೆ ಬಾರದು. ಪೂರ್ತಿ ಮೇಲೇರಲು ಅದಕ್ಕೆ ಹಲವು ತಿಂಗಳು ಬೇಕು. ಅಲ್ಲಿಯವರೆಗೆ ಪಕ್ಕದ ಹಲ್ಲುಗಳಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ಷು ಅದನ್ನು ಮುಟ್ಟದೆ ಹಾದುಹೋಗುತ್ತದೆ, ಅದರ ಆಳವಾದ ಗೀರುಗಳಲ್ಲಿ ಉಳಿದ ಸಿಹಿಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸಿ ಹಲ್ಲನ್ನು ಕೊರೆಯತೊಡಗುತ್ತವೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ತಂದು ಉಜ್ಜಿದರೆ ಮಾತ್ರ ಅದು ಶುಚಿಯಾಗುತ್ತದೆ.

ಇದನ್ನು ಕಲಿಸಲು ಶಾಲೆಗಿಂತ ತಕ್ಕ ಜಾಗವಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಬಿಸಿಯೂಟಕ್ಕೆ ಮೊದಲು ಸಾಲಾಗಿ ನಿಂತು ಕೈ ತೊಳೆಯುವುದನ್ನು ನಮ್ಮ ಮಕ್ಕಳು ಶಾಲೆಯಲ್ಲೇ ರೂಢಿಸಿಕೊಂಡಿದ್ದಾರೆ. ಊಟದ ನಂತರದ 2 ನಿಮಿಷದ ಹಲ್ಲುಜ್ಜುವಿಕೆಯೂ ಅದೇ ರೀತಿ ರೂಢಿಯಾಗಬಲ್ಲದು. ನಲ್ಲಿಗಳು ಸಾಲವು ಎಂಬುದು ಶಿಕ್ಷಕರ ನ್ಯಾಯವಾದ ಚಿಂತೆ. ಸ್ಕಾಟ್ಲೆಂಡಿನ ‘ಚೈಲ್ಡ್‌ಸ್ಮೈಲ್’ ಕಾರ್ಯಕ್ರಮದಲ್ಲಿ ಪುಟ್ಟ ಮಕ್ಕಳು ಕುಳಿತಲ್ಲೇ ಒಣ ಬ್ರಷ್ಷಿನಿಂದ ಉಜ್ಜಿ, ನೊರೆಯನ್ನು ಕಾಗದದ ತುಂಡಿಗೆ ಉಗಿಯುವ ಕ್ರಮವೂ ಇದೆ. ಉಜ್ಜಿದ ಮೇಲೆ ನೊರೆಯನ್ನು ಉಗಿದರೆ ಸಾಕು. ತುಂಬ ನೀರಿನಿಂದ ಬಾಯಿ ಮುಕ್ಕಳಿಸಿದರೆ ಪೇಸ್ಟಿನಲ್ಲಿರುವ, ಹಲ್ಲನ್ನು ಕಾಯುವ ಫ್ಲೋರೈಡ್ ಕೊಚ್ಚಿಹೋಗುತ್ತದೆ. ಬ್ರಷ್ಷುಗಳಿಗೆ ಮಕ್ಕಳ ಹೆಸರು ಬರೆದು, ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಒಣಗಿಸುವ ಹೊಣೆಯನ್ನು ಮಾತ್ರ ಶಿಕ್ಷಕರೇ ನೋಡಿಕೊಳ್ಳಬೇಕು.

ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಪೇಸ್ಟು ಹರಿಯುತ್ತದೆ; ಈ ವಯಸ್ಸಿಗೆ ಬಟಾಣಿ ಕಾಳಿನಷ್ಟು ಸಾಕು, ಅದನ್ನೂ ನುಂಗಬಾರದು. ಫ್ಲೋರೈಡ್ ಅತಿಯಾದರೆ ಹಲ್ಲಿಗೇ ಕೆಡುಕು; ಆದ್ದರಿಂದ ಪಾವಗಡದಂತೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗಿರುವ ಕಡೆಗಳಲ್ಲಿ, ಚಿಕ್ಕ ಮಕ್ಕಳಿಗೆ ಯಾವ ಪೇಸ್ಟು ತಕ್ಕದ್ದೆಂದು ದಂತವೈದ್ಯರನ್ನು ಕೇಳಿಯೇ ಶಾಲೆಯವರು ಆರಂಭಿಸಲಿ.

ಶಾಲೆಯಲ್ಲಿ ಉಜ್ಜಿದ್ದು ಮನೆಯ ಹಲ್ಲುಜ್ಜುವಿಕೆಗೆ ಬದಲಿಯಲ್ಲ. ನಿದ್ರೆಯಲ್ಲಿ ಬಾಯೊಳಗೆ ಜೊಲ್ಲು ಊರುವುದು ಕಡಿಮೆಯಾಗಿ ಆಮ್ಲವನ್ನು ತೊಳೆಯುವ ಶಕ್ತಿ ಕುಗ್ಗುವುದರಿಂದ, ಮಲಗುವ ಮುನ್ನ ಉಜ್ಜುವುದು ಬೆಳಗಿನದಕ್ಕಿಂತಲೂ ಮುಖ್ಯ. ಮಗುವಿಗೆ 7 ವರ್ಷವಾಗುವವರೆಗಾದರೂ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತು ಉಜ್ಜಿಸಬೇಕು, ಆಮೇಲೆ ನೀರಲ್ಲದೆ ಬೇರೇನನ್ನೂ, ಸಕ್ಕರೆ ಹಾಕಿದ ಒಂದು ಲೋಟ ಹಾಲನ್ನು ಸಹ, ಕೊಡಬಾರದು. ಹಾಲು ಕುಡಿಸಲೇಬೇಕೆಂದಿದ್ದರೆ ಅದು ಹಲ್ಲುಜ್ಜುವುದಕ್ಕೆ ಮೊದಲೇ ಆಗಲಿ.