ಕಾಯಿ ಮಲಗಿದ ಜಾಗದಾಗ ಯಾರರೆ ಕೊರಸ್ಯಾರೇನ್ರಿ?

ನಮಸ್ಕಾರ್ರೀ ಎಲ್ಲಾರಿಗೂ. ಅಂಗೈ ಮ್ಯಾಲೆ ತೆಂಗಿನಕಾಯಿ ಮಲಗಿಸ್ಕೊಂಡು ಹೊಲದಾಗ ನಡದ್ರ, ಅದು ಎದ್ದು ನಿಂತಲ್ಲಿ ನೆಲದಾಗ ನೀರೈತಿ ಅಂತಾರಲ್ಲ, ಅದನ್ನ ನಾ ನಂಬಂಗಿಲ್ಲ ಅಂದಿದ್ದೆ. ಆ ಹೋದ ಎಪಿಸೋಡಿಗೆ ಒಬ್ಬ ಅಣ್ಣ ಕಾಮೆಂಟ್ ಹಾಕ್ಯಾನ, ಓದ್ತೀನಿ ಕೇಳ್ರಿ: "ನಮ್ಮ ಮಾವನ ಹೊಲದಾಗ ತೆಂಗಿನಕಾಯಿ ಎದ್ದು ನಿಂತಲ್ಲೇ ಬೋರ್ ಹೊಡಿಸಿದ್ವಿ, ಮೂರು ಇಂಚ್ ನೀರು ಬಿತ್ತು, ಇದಕ್ಕೇನಂತಿ?" ಕೊನಿಗೆ ನಾಲ್ಕು ನಗೋ ಇಮೋಜಿ ಬ್ಯಾರೆ.

ಭಾಳ ಛಲೋ ಆತು ಅಂತೀನಿ. ಆದ್ರ ಅದೇ ಹೊಲದಾಗ ಕಾಯಿ ಮಲಗಿದ ಜಾಗನೂ ಇತ್ತಲ್ಲ, ಅಲ್ಲಿ ಕೊರಸಿ ನೋಡೀರೇನು? ಇಲ್ಲ. ಮತ್ತ ಅಲ್ಲಿ ನೀರಿಲ್ಲಂತ ಹೆಂಗ್ ಗೊತ್ತಾತು? ಅಲ್ಲೂ ಮೂರು ಇಂಚ್ ಬೀಳ್ತಿತ್ತೋ ಏನೋ!

ಶಿಗ್ಗಾಂವಿ ಕಡೆ ನಮ್ಮ ಕಾಕಾನ ಹೊಲದಾಗ ನಾನೇ ನೋಡೀನಿ. ಪಾಯಿಂಟ್ ಹಾಕೋ, ಅಂದ್ರ ಬೋರಿಗೆ ಜಾಗ ತೋರ್ಸೋ ಅಜ್ಜ ಚಪ್ಪಲ್ ಬಿಟ್ಟು, ಅಂಗೈ ಮ್ಯಾಲೆ ಕಾಯಿ ಅಡ್ಡ ಮಲಗಿಸ್ಕೊಂಡು ನಡದ, ಬದುವಿನ ಹತ್ರ ಜುಟ್ಟು ಸಟಕ್ಕನ ಮ್ಯಾಲೆದ್ತು. ಮೋಸ ಅನ್ನಂಗಿಲ್ಲ ನಾ, ಕೈ ಸಣ್ಣಗ ಅಲುಗಿದ್ದು ಹಿಡದವಗೇ ಗೊತ್ತಾಗಂಗಿಲ್ಲ. ಕುಂಕುಮ ಹಚ್ಚಿ ಕಲ್ಲಿಟ್ವಿ, ರಾತ್ರಿ ಬೋರ್ ಕೊರಿಯೋ ಗಾಡಿ ಬಂತು, ನಾನೂರು ಫೂಟಿಗೆ ಧೂಳು ಒಂಚೂರು ಕಪ್ಪಗ ಕಂಡಿದ್ದೇ ತಡ "ಹಸಿ ಬಂತು, ಹಸಿ ಬಂತು" ಅಂತ ಎಲ್ಲಾರೂ ಕುಣದ್ವಿ, ನಾನೂ ಕುಣದೆ! ಹಸಿ ಇಲ್ಲ ಏನಿಲ್ಲ, ಕಲ್ಲಿನ ಬಣ್ಣ ಬದಲಾಗಿತ್ತು. ಅಜ್ಜ ಏನಂದ? "ಇನ್ನೊಂದು ಐವತ್ತು ಫೂಟ್ ಹೋಗ್ರಿ." ಹೋದ್ವಿ. ಮತ್ತ ಐವತ್ತು. ಧೂಳು. ಕಡೀಕ "ಯಾರೋ ಚಪ್ಪಲ್ ಹಾಕ್ಕೊಂಡು ದಾಟ್ಯಾರ" ಅಂದುಬಿಟ್ಟ, ಎಲ್ಲಾರೂ ನನ್ನ ಬೂಟ್ ನೋಡಿದ್ರು.

ನಡುವ ಒಂದು ಮಾತು, ಸಬ್‌ಸ್ಕ್ರೈಬ್ ಮಾಡ್ರಿ, ಇಲ್ಲಾಂದ್ರ ಈ ಮೈಕಿನ ಇಎಂಐ ನಾನೂ ಕಾಯಿ ಹಿಡದೇ ಕಟ್ಟಬೇಕಾಗ್ತೈತಿ.

ಜರ್ಮನಿಯಾಗ 1980ರ ದಶಕದ ಕೊನೀಗೆ, ಹಿಂಗ ನೀರಿನ ಜಾಗ ಹೇಳೋರನ್ನ ಟೆಸ್ಟ್ ಮಾಡ್ಯಾರ. ಮ್ಯೂನಿಕ್ ಹತ್ರ ಒಂದು ದೊಡ್ಡ ಕೊಟ್ಟಿಗಿ, ಕೆಳಗ ನೀರಿನ ಪೈಪು, ಅದನ್ನ ಸರಿಸಿ ಸರಿಸಿ ಇಡೋದು, ಅಟ್ಟದ ಮ್ಯಾಲೆ ನೀರು ನೋಡೋರು ನಿಂತು ಪೈಪ್ ಎಲ್ಲೈತಿ ಹೇಳಬೇಕು. 43 ಮಂದಿ, 843 ಸಲ. ಮಾಡಿಸಿದವ್ರು, ಇದರಾಗ ಆರು ಮಂದಿ ಭಾರೀ ಅದಾರ ಅಂದ್ರು. ಜಿಮ್ ಎನ್‌ರೈಟ್ ಅನ್ನೋ ವಿಜ್ಞಾನಿ ಪೂರಾ ಲೆಕ್ಕ ತಗದು ನೋಡಿದ್ರ, ಸುಮ್ನ ಬೆರಳು ತೋರ್ಸಿದಷ್ಟೇ! ಗೆದ್ದವ್ರನ್ನಷ್ಟ ಆರಿಸಿದ್ರ ನಮ್ಮ ಓಣಿ ಟೀಮೂ ವರ್ಲ್ಡ್ ಕಪ್ ಗೆಲ್ತೈತ್ರೀ.

"ಜಿಯಾಲಜಿಸ್ಟ್, ಅಂದ್ರ ಭೂವಿಜ್ಞಾನಿ, ಹೇಳಿದ ಬೋರೂ ಫೇಲ್ ಆಗ್ತಾವಲ್ಲ" ಅಂತೀರಿ. ಆಗ್ತಾವ. ನಮ್ಮ ಕಡೆ ಗಟ್ಟಿ ಕಲ್ಲು, ನೀರು ಇರೋದು ಬಿರುಕಿನಾಗ, ಬಿರುಕು ತಪ್ಪಿದ್ರ ಮುಗೀತು. ಅವನ ಫೇಲ್ ಲೆಕ್ಕಾನೂ ಕೇಳ್ರಿ, ಬ್ಯಾಡ ಅಂದವ್ರ್ಯಾರು? ಆದ್ರ ಕಾಯಿ ಮಲಗಿದ ಜಾಗ! ಅಲ್ಲಿ ಕೊರಸಿದ ಒಬ್ಬನ್ನ ತೋರಸ್ರಿ, ಒಬ್ಬನ್ನ, ಧಾರವಾಡ ಜಿಲ್ಲಾದಾಗಷ್ಟ ಬ್ಯಾಡ, ಹಾವೇರಿ ಗದಗ ಸೇರಿಸೇ ಹುಡುಕ್ರಿ, ಸಿಕ್ರ ಒಂದು ಕಿಲೋ ಪೇಡೆ ನಂದು. ಅರ್ಧ ಕಿಲೋ ಅನ್ರಿ.

"ನಂಬಿಕಿ" ಅಂತ ಮಾತ್ರ ಅನಬ್ಯಾಡ್ರಿ, ಗಾಡಿಯವ ಫೂಟಿನ ಲೆಕ್ಕದಾಗ ರೊಕ್ಕ ಇಸ್ಕೋತಾನ, ನಂಬಿಕಿ ಇಸ್ಕೊಳಂಗಿಲ್ಲ. ಮಲಗಿದ ಜಾಗ ರೀ, ಮಲಗಿದ ಜಾಗ!

ಇರ್ಲಿ, ಕಾಕಾನ ಫೋನ್ ಬರಾಕತ್ತೈತಿ. ಮುಂದಿನ ವಾರ ಮತ್ತ ಪಾಯಿಂಟ್ ಹಾಕಸ್ತಾನಂತ, ಬ್ಯಾರೆ ಅಜ್ಜನ್ನ ಕರಸ್ಯಾನ. ಹುಬ್ಬಳ್ಳಿಯಿಂದ ಕಾಯಿ ನಾನೇ ಒಯ್ಯಬೇಕಂತ, ಜುಟ್ಟು ಇರೋದು. ಬೂಟ್ ಹಾಕ್ಕೊಂಡು ಬರಬ್ಯಾಡ ಅಂದಾನ.