ಗದ್ದಲದೊಳಗಿನ ಮಿದುಳು

ಕೇಳುಗರಿಗೆ ನಮಸ್ಕಾರ.

ಮಿದುಳಿನ ಚಿತ್ರದ ಮೇಲೆ ಕೆಂಪು-ಹಳದಿ ಮಚ್ಚೆ ತೋರಿಸಿ, ‘ಈ ಭಾಗ ಈಗ ಕೆಲಸ ಮಾಡುತ್ತಿದೆ’ ಅನ್ನುತ್ತಾರಲ್ಲ, ಆ ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ನರಕೋಶಗಳನ್ನು ನೇರವಾಗಿ ಅಳೆಯುವುದೇ ಇಲ್ಲ. ಅದಕ್ಕೆ ಸಿಗುವುದು ರಕ್ತದಲ್ಲಿ ಆಮ್ಲಜನಕದ ಏರಿಳಿತ. ವಿಜ್ಞಾನಿ ಸೇಜಿ ಒಗಾವಾ ಅವರ ತಂಡ 1990ರಲ್ಲಿ ಇಲಿಗಳ ಮಿದುಳಿನಲ್ಲಿ ಇದನ್ನು ತೋರಿಸಿತು. 3 ಟೆಸ್ಲಾ (ಟೆಸ್ಲಾ ಅಂದರೆ ಕಾಂತಶಕ್ತಿಯ ಅಳತೆ) ಯಂತ್ರದಲ್ಲೂ ಈ ಏರಿಳಿತ ಹೆಚ್ಚಾಗಿ ಶೇಕಡಾ 1ರ ಆಸುಪಾಸು. ಅಷ್ಟು ಸಣ್ಣದನ್ನು ಮುಚ್ಚಿಹಾಕಲು ಹೃದಯದ ಬಡಿತ ಸಾಕು.

ಹೇಗೆ ಅಂತೀರಾ? ಯಂತ್ರ 2 ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಒಂದು ಚಿತ್ರ ತೆಗೆಯುತ್ತದೆ ಅಂದುಕೊಳ್ಳಿ. ಒಳಗೆ ಮಲಗಿದವರ ನಾಡಿ ನಿಮಿಷಕ್ಕೆ 63. ಅಂದರೆ ಎರಡು ಚಿತ್ರಗಳ ನಡುವೆ ಹೃದಯ 2.1 ಸಲ ಬಡಿಯುತ್ತದೆ. ಪೂರ್ತಿಯಾದ ಎರಡು ಬಡಿತ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಮಿಕ್ಕ 0.1 ಭಾಗ ಮಾತ್ರ ಚಿತ್ರದಿಂದ ಚಿತ್ರಕ್ಕೆ ಕೂಡಿಕೊಳ್ಳುತ್ತಾ ಹೋಗಿ, 10 ಚಿತ್ರಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಸೆಕೆಂಡಿಗೊಂದರಂತೆ ಬಡಿಯುವ ಹೃದಯ, ದತ್ತಾಂಶದಲ್ಲಿ 20 ಸೆಕೆಂಡಿಗೊಂದು ಸೋಮಾರಿ ಅಲೆಯಾಗಿ ಕೂತಿರುತ್ತದೆ. ಸಿನಿಮಾದಲ್ಲಿ ಜೋರಾಗಿ ಓಡುವ ಗಾಡಿಯ ಚಕ್ರ ಮೆಲ್ಲಗೆ ತಿರುಗಿದಂತೆ ಕಾಣುವುದಿಲ್ಲವೇ, ಹಾಗೆ.

ತೊಂದರೆ ಏನೆಂದರೆ, ಮಿದುಳಿನ ರಕ್ತದ ಪ್ರತಿಕ್ರಿಯೆಯ ಗತಿಯೂ ಇದೇ. ಪ್ರಚೋದನೆ ಕೊಟ್ಟ 5-6 ಸೆಕೆಂಡಿಗೆ ಅದು ತುದಿ ಮುಟ್ಟುತ್ತದೆ, ಮೊದಲಿನ ಮಟ್ಟಕ್ಕೆ ಮರಳಲು ಸುಮಾರು 20 ಸೆಕೆಂಡು ಬೇಕು. ಆಮೇಲೆ ಎಂಥ ಫಿಲ್ಟರ್ ಹಾಕಿದರೂ ಕಳೆಯ ಜೊತೆ ಬೆಳೆಯೂ ಕಿತ್ತು ಬರುತ್ತದೆ.

ಆದ್ದರಿಂದ ಬೆರಳಿಗೆ ನಾಡಿ ಸೆನ್ಸರ್, ಹೊಟ್ಟೆಗೆ ಉಸಿರಾಟದ ಪಟ್ಟಿ ಕಟ್ಟಿ, ಎರಡನ್ನೂ ಯಂತ್ರದ ಗಡಿಯಾರಕ್ಕೇ ಹೊಂದಿಸಿ ದಾಖಲಿಸಬೇಕು. ಯಂತ್ರ ಮಿದುಳಿನ ಚಿತ್ರವನ್ನು ಪದರ ಪದರವಾಗಿ ತೆಗೆಯುತ್ತದೆ; ಪ್ರತಿ ಪದರ ತೆಗೆದ ಕ್ಷಣದಲ್ಲಿ ಬಡಿತವೂ ಉಸಿರೂ ಯಾವ ಹಂತದಲ್ಲಿದ್ದವು ಎಂದು ಲೆಕ್ಕ ಹಾಕಿದರೆ, ಅಷ್ಟನ್ನೇ ಕಳೆಯಬಹುದು. ಬೆರಳು ತಣ್ಣಗಿದ್ದರೆ ಸೆನ್ಸರ್ ಕೈಕೊಡುತ್ತದೆ; ಶುರುಮಾಡುವ ಮುಂಚೆಯೇ ಪರದೆಯ ಮೇಲೆ ನಾಡಿಯ ಅಲೆ ಸ್ಪಷ್ಟವಾಗಿದೆಯೇ ನೋಡಿಕೊಳ್ಳಿ.

ಯಂತ್ರದ್ದೇ ಆದ ನಿಧಾನ ಜಾರುವಿಕೆ, ಅಂದರೆ ಸಂಕೇತ ತಾನಾಗಿ ಮೆಲ್ಲಗೆ ಏರುವುದು ಇಳಿಯುವುದು, ಅಷ್ಟು ತಲೆನೋವಲ್ಲ. 128 ಸೆಕೆಂಡಿಗಿಂತ ದೀರ್ಘವಾದ ಏರಿಳಿತವನ್ನು ತೆಗೆದುಹಾಕುವುದು ರೂಢಿ. ಪ್ರಯೋಗದಲ್ಲಿ ಒಂದೇ ಕೆಲಸ ಮರುಕಳಿಸುವ ಅವಧಿಯನ್ನೇ ಅದಕ್ಕಿಂತ ಉದ್ದ ಮಾಡಿಕೊಂಡವರಿಗೆ ಮಾತ್ರ ಏನೂ ಉಳಿಯುವುದಿಲ್ಲ.

ನಿಜವಾದ ತಲೆನೋವು ತಲೆಯದ್ದೇ. ಅದು ಅಲುಗಿದರೆ ಚಿತ್ರಗಳನ್ನು ಮತ್ತೆ ಒಂದರ ಮೇಲೊಂದು ಕೂರಿಸಬಹುದು: ತಲೆ ಮೂರು ದಿಕ್ಕಿನಲ್ಲಿ ಎಷ್ಟು ಸರಿದಿದೆ, ಮೂರು ಬಗೆಯಲ್ಲಿ ಎಷ್ಟು ತಿರುಗಿದೆ, ಒಟ್ಟು ಆರು ಅಳತೆ. ಚಿತ್ರ ಸರಿಹೋದರೂ ಅಲುಗಿದ ಕ್ಷಣದಲ್ಲಿ ಕೆಟ್ಟ ಸಂಕೇತ ಸರಿಹೋಗದು. ಆ ಆರು ಅಳತೆಗಳನ್ನು ಲೆಕ್ಕಕ್ಕೆ ಸೇರಿಸಿ ಕಳೆಯುತ್ತಾರೆ, 0.5 ಮಿಲಿಮೀಟರಿಗಿಂತ ಹೆಚ್ಚು ಅಲುಗಿದ ಚಿತ್ರಗಳನ್ನು ಹಲವರು ಕೈಬಿಡುತ್ತಾರೆ. ಆದರೆ ಪ್ರಯೋಗದಲ್ಲಿ ಉತ್ತರ ಕೊಡಲು ಗುಂಡಿ ಒತ್ತಿದಾಗೆಲ್ಲ ತಲೆಯೂ ತುಸು ಆಡಿದ್ದರೆ? ಅಲುಗಾಟವನ್ನು ಕಳೆದಾಗ ಬೇಕಾದ ಸಂಕೇತವೂ ಅದರ ಜೊತೆಗೇ ಹೋಗುತ್ತದೆ. ಇದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ. ಹೋಲಿಸುವ ಎರಡು ಸ್ಥಿತಿಗಳಲ್ಲೂ ಗುಂಡಿ ಒತ್ತುವುದು ಸಮನಾಗಿರಲಿ, ತಲೆಯ ಎರಡೂ ಬದಿಗೆ ಸ್ಪಂಜಿನ ದಿಂಬು ಬಿಗಿಯಾಗಿರಲಿ.